ನೆರಳಿನಲ್ಲಿ ಎರಡು ಬೂಟು

ಹಿಲಾರಿಯಾ ಯುಕ್ರಾ ಚಾಲಕ ಅನ್ಸೆಲ್ಮೋನ ಜೀಪಿನಡಿ ಅಂಗಾತ ಮಲಗಿ, ಹಿಂದಿನ ಸ್ಪ್ರಿಂಗ್ ಪಟ್ಟಿಗೆ ಅಂಟಿದ್ದ ಉಪ್ಪನ್ನು ಅಡುಗೆಯ ಚಾಕುವಿನಿಂದ ಕೆರೆದಳು. ವಯಸ್ಸು ಅರವತ್ತೊಂದು, ಮೈಮೇಲೆ ಚಳಿಗೆಂದು ಒಂದರ ಮೇಲೊಂದು ತೊಟ್ಟ ಮೂರು ಲಂಗ. ಇಷ್ಟನ್ನು ಹೊತ್ತುಕೊಂಡು ಜೀಪಿನಡಿ ತೂರುವುದು ಹುಡುಗಾಟವಲ್ಲ. ತೂರಿದ್ದಾಗಿತ್ತು. ಹೊರಗೆ ಬರುವುದು ಹೇಗೆಂದು ಆಮೇಲೆ ಯೋಚಿಸಿದರಾಯಿತು.

ಉಪ್ಪು ಪುಡಿಯಾಗಿ ಉದುರಲಿಲ್ಲ. ಬೆರಳುದ್ದದ ಕೋಲುಗಳಾಗಿ ಇಳಿಬಿದ್ದಿತ್ತು. ಒಂದನ್ನು ಮುರಿದು ನೋಡಿದಳು, ಒಳಗೆ ಇನ್ನೂ ತೇವವಿತ್ತು.

ಒಣ ಸಲಾರ್, ಅಂದರೆ ಉಪ್ಪಿನ ಬಯಲಿನ ಮೇಲೆ ಓಡಿದ ಜೀಪಿಗೆ ಬಿಳಿ ಧೂಳು ಹತ್ತುತ್ತದೆ, ಕೈಯಲ್ಲಿ ಒರೆಸಿದರೆ ಹೋಗುತ್ತದೆ. ಹೀಗೆ ಕೋಲುಕೋಲಾಗಿ ಇಳಿಬೀಳಬೇಕಾದರೆ ಗಾಡಿ ನೀರಿಗೆ ಇಳಿದಿರಬೇಕು. ಮಳೆ ಮುಗಿದು ಏಪ್ರಿಲ್ ಬಂದಿದ್ದರೂ ಬಯಲಿನ ನಡುವೆ ಎದ್ದ ಗುಡ್ಡದ ದ್ವೀಪದ ಉತ್ತರಕ್ಕೆ ಇನ್ನೂ ಗೇಣುದ್ದ ನೀರು ನಿಂತಿತ್ತು. ಆ ಕಡೆ ಚಕ್ರವನ್ನೇ ತಿರುಗಿಸಿಲ್ಲ ಎಂದು ಅನ್ಸೆಲ್ಮೋ ನಿನ್ನೆ ತುನುಪಾ ಬೆಟ್ಟದ ಕಡೆ ಕೈ ಮಾಡಿ ಆಣೆ ಇಟ್ಟಿದ್ದ.

ನಿನ್ನೆ ಸಂಜೆ ಈ ಉಪ್ಪಿನಿಟ್ಟಿಗೆಯ ವಸತಿಗೃಹದ ಮುಂದೆ ಎರಡು ಜೀಪುಗಳಿಂದ ಹತ್ತು ಜನ ಪ್ರವಾಸಿಗರು ಇಳಿಯಬೇಕಿತ್ತು, ಇಳಿದದ್ದು ಒಂಬತ್ತೇ ಜನ. ಸುಕ್ರೆಯ ಶಾಲಾ ಟೀಚರ್ ಎಲ್ವಿರಾ ಬರ್ನಾ ಎಲ್ಲಿ ಎಂದರೆ ಆ ಜೀಪಿನವರು ಈ ಜೀಪಿನ ಕಡೆ, ಈ ಜೀಪಿನವರು ಆ ಜೀಪಿನ ಕಡೆ ಬೆರಳು ತೋರಿಸಿದ್ದರು. ದಾರಿಯುದ್ದಕ್ಕೂ ಫೋಟೋ ತೆಗೆಸಿಕೊಳ್ಳಲು ಇಳಿಯುವುದು, ಹತ್ತುವಾಗ ಸಿಕ್ಕಿದ ಜೀಪು ಹತ್ತುವುದು, ಇದೇ ನಡೆದಿತ್ತು. ತಾರಿಹಾದ ಔಷಧಿ ಅಂಗಡಿಯ ಗಾಸ್ತೋನ್ ಅಂತೂ ಆಕೆ ತನ್ನ ಪಕ್ಕದಲ್ಲೇ ಕೂತಿದ್ದಳೆಂದು ಹಟ ಹಿಡಿದ. ಪಕ್ಕದಲ್ಲಿ ಕೂತಿದ್ದವಳು ತಾನು ಎಂದು ಅವನ ಹೆಂಡತಿ ನೆನಪಿಸಬೇಕಾಯಿತು.

ರಾತ್ರಿಯಿಡೀ ಕೊರೆಯುವ ಚಳಿ. ಹೊರಗಿಟ್ಟಿದ್ದ ಬಕೆಟ್ಟಿನ ನೀರು ಬೆಳಿಗ್ಗೆ ಕಲ್ಲಾಗಿತ್ತು. ಆ ಬಯಲಿನಲ್ಲಿ ಎಲ್ಲೋ ಒಬ್ಬ ಹುಡುಗಿ ಒಂದು ಜಾಕೆಟ್ಟಿನಲ್ಲಿ ನಿಂತಿದ್ದಾಳೆ, ಇಲ್ಲವೇ ಬಿದ್ದಿದ್ದಾಳೆ. ಹಿಲಾರಿಯಾ ಕಣ್ಣು ಮುಚ್ಚಿದರೆ ಸಾಕು, ಅದೇ ಕಾಣುತ್ತಿತ್ತು.

ಪೊತೊಸಿಯ ಪೊಲೀಸ್ ತನಿಖಾ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದವಳು ಅವಳು. ನಿವೃತ್ತಿಯಾದ ಮೇಲೆ ಸೌಟು ಹಿಡಿದು ತಮ್ಮ ಫರ್ಮೀನ್‌ನ ಜೀಪಿನಲ್ಲಿ ಅಡುಗೆಗೆ ಸೇರಿ ಮೂರು ವರ್ಷ. ಹಿಂದೆ ಒಂದು ಕೂಗಿಗೆ ನಾಲ್ಕು ಪೇದೆಗಳು, ಒಂದು ವಾಹನ, ಒಬ್ಬ ವೈದ್ಯ ಬರುತ್ತಿದ್ದರು. ಈಗ ಅವಳ ಬಳಿ ಇದ್ದದ್ದು ಈ ಚಾಕು. ಫೋನಿಗೆ ಸಿಗ್ನಲ್ ಇಲ್ಲ. ಬೆಳಿಗ್ಗೆ ವಸತಿಗೃಹದ ವೈರ್‌ಲೆಸ್‌ನಲ್ಲಿ ಉಯುನಿ ಊರಿನ ಪೊಲೀಸರಿಗೆ ಸುದ್ದಿ ಮುಟ್ಟಿಸಿದಾಗ, ನಡುವಿನ ಹೊಳೆ ತುಂಬಿದೆ, ಗಾಡಿ ದಾಟುವುದಿಲ್ಲ, ನಾಳೆ ಮಧ್ಯಾಹ್ನದೊಳಗೆ ನೋಡೋಣ ಎಂದಿದ್ದರು. ನಾಳೆ ಮಧ್ಯಾಹ್ನ ಎಂಬ ಮಾತನ್ನು ಆ ಮನುಷ್ಯ ರೊಟ್ಟಿಗೆ ಬೆಣ್ಣೆ ಸವರುತ್ತಾ ಹೇಳಿದಂತಿತ್ತು.

ಇದ್ದ ಒಂದೇ ಆಸೆ ಫರ್ಮೀನ್. ಬೆಳಿಗ್ಗೆ ಆರಕ್ಕೇ ಅವನು ಹುಡುಕಲು ಹೊರಟಿದ್ದ, ಅವನ ಜೀಪಿನಲ್ಲೂ ಒಂದು ವೈರ್‌ಲೆಸ್ ಇತ್ತು. ಬಯಲನ್ನು ಅಡ್ಡಡ್ಡ ಉದ್ದುದ್ದ ಜಾಲಾಡಬೇಕು, ಡೀಸೆಲ್ ಜಾಸ್ತಿ ಬೇಕು ಎಂದು ಎರಡೂ ಜೀಪಿನ ಕ್ಯಾನುಗಳನ್ನು ಏರಿಸಿಕೊಂಡ. ಸಾಲದೆಂದು ಅನ್ಸೆಲ್ಮೋನ ಟ್ಯಾಂಕಿಗೂ ಪೈಪು ಇಳಿಸಿ ಕೊನೆಯ ಹನಿಯವರೆಗೆ ಎಳೆದುಕೊಂಡ. ಆ ಪೈಪನ್ನು ಹಿಡಿದು ನಿಂತವಳು ಹಿಲಾರಿಯಾನೇ. ಗಾಸ್ತೋನ್ ತಾನೂ ಬರುತ್ತೇನೆಂದರೆ, ಭಾರ ಹೆಚ್ಚಾದರೆ ಡೀಸೆಲ್ ಹೆಚ್ಚು ತಿನ್ನುತ್ತದೆ ಎಂದು ಬೇಡವೆಂದಿದ್ದ. ಹೊರಡುವಾಗ ಕಿಟಕಿಯಿಂದ ಅಕ್ಕನಿಗೆ, ಅನ್ಸೆಲ್ಮೋನನ್ನು ಸ್ವಲ್ಪ ಮಾತಾಡಿಸು, ಅವನು ಏನೋ ಬಚ್ಚಿಡುತ್ತಿದ್ದಾನೆ ಎಂದು ಮೆಲ್ಲಗೆ ಹೇಳಿದ್ದ.

ಅವಳಿಗೂ ಹಾಗೇ ಅನ್ನಿಸಿತ್ತು. ನಿನ್ನೆ ದ್ವೀಪದಲ್ಲಿ ಊಟವಾದ ಮೇಲೆ ಪ್ರವಾಸಿಗರೆಲ್ಲ ಕಳ್ಳಿಮರಗಳ ನಡುವೆ ಗುಡ್ಡ ಹತ್ತಿದರು. ಒಂದೂವರೆ ಗಂಟೆ ಕೆಳಗೆ ಉಳಿದವರು ಮೂವರೇ. ಅವಳು ತಟ್ಟೆ ತೊಳೆಯುತ್ತಿದ್ದಳು. ಅನ್ಸೆಲ್ಮೋ ಜೀಪು ತೆಗೆದುಕೊಂಡು ದ್ವೀಪದ ಆಚೆ ಬದಿಯ ಚಾಲಕರ ಹತ್ತಿರ ಏನೋ ನಟ್ಟು ಕೇಳಲು ಹೋಗಿದ್ದನಂತೆ. ಫರ್ಮೀನ್ ಎಂದಿನಂತೆ ತನ್ನ ಜೀಪಿನ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದ. ಸಲಾರ್‌ನಲ್ಲಿ ಜೀಪಿನಡಿ ಬಿಟ್ಟರೆ ಬೇರೆ ನೆರಳಿಲ್ಲ, ಊಟವಾದ ಮೇಲೆ ಚಾಲಕರೆಲ್ಲ ಮಲಗುವುದು ಅಲ್ಲೇ. ಮುಖದ ಮೇಲೆ ಟೋಪಿ, ಮೈಮೇಲೆ ಕೆಂಪು ಪೋಂಚೋ ಕಂಬಳಿ, ಹೊರಗೆ ಚಾಚಿದ ಎರಡು ಕಾಲು. ಮೂರು ತಟ್ಟೆ ಮಾಂಸ ಬಾರಿಸಿ ಹೆಬ್ಬಾವಿನ ಹಾಗೆ ಬಿದ್ದಿದ್ದೀಯ, ಒಂದು ಪಾತ್ರೆಗೆ ಕೈ ಹಾಕಬಾರದೇ ಎಂದು ಅವಳು ಆ ಕಾಲುಗಳನ್ನು ಬೈದೂ ಇದ್ದಳು. ಕಾಲುಗಳು ಉತ್ತರ ಕೊಡಲಿಲ್ಲ.

ಹಾಗಾಗಿ ಲೆಕ್ಕ ಸರಳವಾಗಿತ್ತು. ಎಲ್ವಿರಾ ಗುಡ್ಡ ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಜೀಪು ಓಡಿಸಿದವನು ಒಬ್ಬನೇ.

ಹಿಲಾರಿಯಾ ಮೊಣಕೈ ಊರಿ, ತೆವಳಿ, ಲಂಗಗಳನ್ನು ಎಳೆದುಕೊಳ್ಳುತ್ತಾ ಹೊರಗೆ ಬಂದಳು. ಎದುರಿಗೆ ಅನ್ಸೆಲ್ಮೋ ನಿಂತಿದ್ದ. ಮೂವತ್ತೆರಡರ ಹುಡುಗ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಮುಖ ಬಾಡಿತ್ತು. ಹೋದ ವರ್ಷ ಅವನ ಮದುವೆಯಲ್ಲಿ ಧರ್ಮತಾಯಿಯಾಗಿ ನಿಂತು ಹರಸಿದವಳು ಅವಳೇ, ಧರ್ಮತಂದೆಯಾಗಿ ನಿಂತವನು ಫರ್ಮೀನ್. ಅಂದಿನಿಂದ ಅವರಿಬ್ಬರನ್ನು ಅವನು ಮದ್ರೀನಾ, ಪದ್ರೀನೋ ಎಂದೇ ಕರೆಯುವುದು. ಈ ಕಡೆ ಆ ಸಂಬಂಧಕ್ಕೆ ರಕ್ತಸಂಬಂಧಕ್ಕಿಂತ ಒಂದು ಕೈ ಹೆಚ್ಚೇ ಬೆಲೆ.

"ಏನ್ ನೋಡ್ತಿದ್ರಿ, ಮದ್ರೀನಾ?"

"ನಿನ್ನ ಜೀಪು ಕಾಲು ತೊಳ್ಕೊಂಡು ಬಂದಿದೆಯಲ್ಲ, ಎಲ್ಲಿ ತೊಳ್ಕೊಂತು ಅಂತ ನೋಡ್ತಿದ್ದೆ."

ಅವಳು ಕೈಯಲ್ಲಿದ್ದ ಉಪ್ಪಿನ ಕೋಲನ್ನು ಅವನ ಅಂಗೈಗೆ ಹಾಕಿದಳು. ಆಮೇಲೆ ಹಿಂದಿನ ಬಾಗಿಲು ತೆರೆದು, ಆಲೂಗಡ್ಡೆ ಚೀಲ ಸರಿಸಿ, ಸುರುಳಿ ಸುತ್ತಿ ಹಗ್ಗದಿಂದ ಕಟ್ಟಿದ್ದ ಟಾರ್ಪಾಲನ್ನು ಹೊರಗೆಳೆದು ಅವನ ಕಾಲ ಬಳಿ ಹಾಕಿದಳು. ನೀರಿಗಿಳಿಯುವಾಗ ಚಾಲಕರು ಅದನ್ನು ರೇಡಿಯೇಟರಿನ ಮುಂದೆ ಕಟ್ಟುತ್ತಾರೆ, ಇಲ್ಲದಿದ್ದರೆ ಉಪ್ಪುನೀರು ಸಿಡಿದು ಎಂಜಿನ್ ಅಲ್ಲೇ ನಿಂತುಬಿಡುತ್ತದೆ. ಟಾರ್ಪಾಲು ಉಪ್ಪು ಹಿಡಿದು ತಗಡಿನ ಹಾಗೆ ಸೆಟೆದಿತ್ತು.

"ಇದಕ್ಕೇನಂತೀಯ?"

ಅವನು ಆಚೀಚೆ ನೋಡಿದ. ಓಡಿಹೋಗಲು ಎಲ್ಲಿಗೆ ಹೋಗುತ್ತಾನೆ? ನಾಲ್ಕು ದಿಕ್ಕಿಗೂ ಬಿಳಿ ಬಯಲು. ಒಂದು ಕ್ಷಣ ಹಿಲಾರಿಯಾಗೆ ಅವನ ಮೇಲೆ ಮರುಕ ಬಂತು. ತನ್ನ ಮೇಲೂ ಬಂತು.

"ನಾನೇ ಹೋಗಿದ್ದೆ" ಎಂದ.

"ಅವಳನ್ನ ಕರ್ಕೊಂಡಾ?"

"ಹ್ಞೂಂ."

"ಎಲ್ಲಿಗೆ?"

"ಉಪ್ಪಿನ ಕಣ್ಣುಗಳ ಕಡೆಗೆ."

ಉಪ್ಪಿನ ಪದರ ತೂತಾಗಿ ಅಡಿಯ ನೀರು ಗುಳುಗುಳು ಉಕ್ಕುವ ಜಾಗ ಅದು. ಒಣಗಾಲದಲ್ಲಿ ಕಣ್ಣುಗಳು ಕಾಣುತ್ತವೆ. ಮೇಲೆ ನೀರು ನಿಂತಾಗ ಯಾವುದು ನೆಲ, ಯಾವುದು ಬಾವಿ ಎಂದು ಇಲ್ಲೇ ಹುಟ್ಟಿ ಬೆಳೆದವರಿಗೂ ತಿಳಿಯುವುದಿಲ್ಲ.

ಯಾಕೆ ಎಂದು ಕೇಳಿದಳು. ಅವನು ತಡವರಿಸುತ್ತಾ ಹೇಳಿದ. ಎಲ್ವಿರಾಳ ತಮ್ಮ ರುಬೆನ್ ಚಿಲಿಯಿಂದ ನಂಬರಿಲ್ಲದ ಕಳ್ಳ ಕಾರುಗಳನ್ನು ಸಲಾರ್ ದಾಟಿಸುವ ಕೆಲಸ ಮಾಡುತ್ತಿದ್ದ. ಹೋದ ವರ್ಷ ಹೊರಟವನು ಮನೆಗೆ ಬರಲಿಲ್ಲ. ಅವನು ಮುಳುಗಿದ ಜಾಗ ನೋಡಬೇಕು, ಒಂದು ಮೇಣದಬತ್ತಿ ಹಚ್ಚಬೇಕು ಎಂದು ಆಕೆ ಅತ್ತಳಂತೆ. ಕರೆದುಕೊಂಡು ಹೋದೆ. ಅಲ್ಲಿ ಬೇರೆ ಗಾಡಿ ಬರುತ್ತದೆ, ನೀನು ಹೋಗು ಎಂದಳು. ಬಿಟ್ಟು ಬಂದೆ ಎಂದ.

ರುಬೆನ್‌ನ ಫೋಟೋ ಹಿಲಾರಿಯಾಗೂ ನೆನಪಿತ್ತು. ನಿನ್ನೆ ಊಟದ ಹೊತ್ತಿಗೆ ಎಲ್ವಿರಾ ಅದನ್ನು ಎಲ್ಲರ ಕೈಗೂ ದಾಟಿಸಿದ್ದಳು. ನಗುವ ಹುಡುಗ, ಕಿವಿಗೊಂದು ಸಣ್ಣ ರಿಂಗು. ಇವನನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಕೇಳುವಾಗ ಅವಳ ದನಿಯಲ್ಲಿ ಅಳುವಿರಲಿಲ್ಲ, ತರಗತಿಯಲ್ಲಿ ಹಾಜರಿ ಕೂಗುವಂತಿತ್ತು. ಆ ಹುಡುಗಿ ಅಷ್ಟು ಸುಲಭಕ್ಕೆ ಅಳುವವಳಲ್ಲ. ಫೋಟೋವನ್ನು ಹೆಚ್ಚು ಹೊತ್ತು ಹಿಡಿದು ನೋಡಿದವನು ಫರ್ಮೀನ್. ಪಾಪ, ಎಷ್ಟು ಚಿಕ್ಕ ವಯಸ್ಸು ಎಂದು ವಾಪಸು ಕೊಟ್ಟಿದ್ದ.

"ನೀರಿನ ನಡುವೆ ಒಂಟಿ ಹೆಣ್ಣನ್ನ ಬಿಟ್ಟು ಬಂದ್ಯಾ? ನಿನ್ನ ಹೆಂಡ್ತಿ ಆಗಿದ್ರೆ ಬಿಡ್ತಿದ್ಯಾ?"

ಅನ್ಸೆಲ್ಮೋ ತಲೆ ತಗ್ಗಿಸಿದ. ಅವನ ಕಣ್ಣಿಂದ ನೀರು ಇಳಿದು ಮೂಗಿನ ತುದಿಯಲ್ಲಿ ನಿಂತಿತು. ಇಪ್ಪತ್ತನಾಲ್ಕು ವರ್ಷದಲ್ಲಿ ಹಿಲಾರಿಯಾ ತುಂಬ ತಪ್ಪೊಪ್ಪಿಗೆಗಳನ್ನು ಕೇಳಿದ್ದಳು. ತಾನು ಮಾಡಿದ್ದನ್ನು ಒಪ್ಪುವವರು ಇಷ್ಟು ಬೇಗ ಒಪ್ಪುವುದಿಲ್ಲ. ಮೊದಲು ಜಗಳಾಡುತ್ತಾರೆ, ಆಮೇಲೆ ದೇವರನ್ನು ಕರೆಯುತ್ತಾರೆ, ಕಡೆಗೆ ಅರ್ಧ ಹೇಳುತ್ತಾರೆ. ಇವನು ಪಾಠ ಒಪ್ಪಿಸಿದ್ದ.

ಅವಳು ಟಾರ್ಪಾಲಿನ ಕಡೆ ನೋಡಿದಳು.

"ಆ ಗಂಟು ಬಿಚ್ಚು" ಎಂದಳು.

"ಯಾಕೆ?"

"ಬಿಚ್ಚಪ್ಪ. ನೀನೇ ಕಟ್ಟಿದ್ದಲ್ವಾ?"

ಅವನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಹಗ್ಗಕ್ಕೆ ಕೈ ಹಾಕಿದ. ಎಳೆದ, ಬಿಗಿಯಾಯಿತು. ಇನ್ನೊಂದು ತುದಿ ಎಳೆದ, ಇನ್ನೂ ಬಿಗಿಯಾಯಿತು. ಉಗುರಿನಿಂದ ಕಿತ್ತ. ಆ ಗಂಟು ಉಲ್ಟಾ ಸುತ್ತಿನದು. ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಿದ್ದರಿಂದ ನಾರು ಜಜ್ಜಿಹೋಗಿತ್ತು.

ಹಿಲಾರಿಯಾ ಆ ಗಂಟನ್ನು ಮೂರು ವರ್ಷದಿಂದ ದಿನಾ ಬೆಳಿಗ್ಗೆ ಬಿಚ್ಚುತ್ತಿದ್ದಳು. ಆಲೂಗಡ್ಡೆ ಚೀಲದ ಮೇಲೆ, ಗ್ಯಾಸ್ ಸಿಲಿಂಡರಿನ ಸುತ್ತ, ಪಾತ್ರೆಯ ಬುಟ್ಟಿಗೆ. ಗಣಿಯಲ್ಲಿ ಸಿಡಿಮದ್ದು ಹಾರಿ ಬಲಗೈಯ ಎರಡು ಬೆರಳು ಕಳೆದುಕೊಂಡ ಮನುಷ್ಯ ಎಡಗೈಯಿಂದ ಹಾಕುವ ಗಂಟು ಅದು. ಹೀಗೆ ಕಟ್ಟುವವರು ಇಡೀ ಉಯುನಿಯಲ್ಲಿ ಇನ್ನೊಬ್ಬರಿಲ್ಲ.

ಹಾಗಿದ್ದರೆ ಏನು? ಅವಳ ಮನಸ್ಸು ಒದ್ದಾಡಿತು. ಫರ್ಮೀನ್ ಬೇರೆ ಯಾವತ್ತೋ ಕಟ್ಟಿಕೊಟ್ಟಿರಬಹುದು. ಇಲ್ಲ, ಉಪ್ಪು ಇನ್ನೂ ಹಸಿಯಾಗಿದೆ. ಬೆಳಿಗ್ಗೆ ಡೀಸೆಲ್ ತೆಗೆಯುವಾಗ ಸುತ್ತಿಟ್ಟಿರಬಹುದು. ಇಲ್ಲ, ಆಗ ತಾನೇ ಪಕ್ಕದಲ್ಲಿ ಇದ್ದಳು. ಅಷ್ಟಕ್ಕೂ ತಮ್ಮ ಮಲಗಿದ್ದ. ನೆರಳಲ್ಲಿ ಮಲಗಿದ್ದನ್ನು ತಾನು ಕಣ್ಣಾರೆ ಕಂಡಿದ್ದಳು.

ಅನ್ಸೆಲ್ಮೋ ಸೋತು ಹಗ್ಗ ಬಿಟ್ಟ. ಹಿಂದಕ್ಕೆ ಜರುಗಿ ಚಕ್ರಕ್ಕೆ ಒರಗಿ, ಕಾಲು ಎರಡೂ ಚಾಚಿ ಕೂತುಬಿಟ್ಟ. ಬೂಟಿನ ಅಟ್ಟೆಗಳು ಅವಳ ಕಡೆಗಿದ್ದವು. ಎಡಗಾಲಿನ ಹಿಮ್ಮಡಿಗೆ ಹಳೆ ಟೈರಿನ ತುಂಡು ಹೊಡೆದಿತ್ತು, ಟೈರಿನ ಅಂಕುಡೊಂಕು ಗೆರೆಗಳು ಹಾಗೇ ಇದ್ದವು.

ಹಿಲಾರಿಯಾ ಆ ಗೆರೆಗಳನ್ನು ನೋಡುತ್ತಾ ನಿಂತಳು. ನಿನ್ನೆ ಮಧ್ಯಾಹ್ನ ಕೈಯಲ್ಲಿ ಎಂಜಲು ತಟ್ಟೆಗಳನ್ನು ಹಿಡಿದು ಬೈದದ್ದು ಈ ಹಿಮ್ಮಡಿಯನ್ನೇ.

ಫರ್ಮೀನ್‌ನ ಬೂಟು ಹೊಸವು. ಕಾರ್ನಿವಾಲ್ ಹಬ್ಬಕ್ಕೆ ಅವಳೇ ಕೊಡಿಸಿದ್ದಳು. ತೇಪೆ ಹಾಕುವಷ್ಟು ಇನ್ನೂ ಸವೆದೇ ಇರಲಿಲ್ಲ.

ಜೀಪಿನಡಿ ಚಾಚಿದ ಕಾಲು ಕಂಡರೆ ಆ ಜೀಪಿನ ಚಾಲಕ ಮಲಗಿದ್ದಾನೆ ಎಂದುಕೊಳ್ಳುತ್ತಾರೆ. ಬಗ್ಗಿ ಮುಖ ನೋಡುವವರಿಲ್ಲ. ಅವಳೂ ನೋಡಿರಲಿಲ್ಲ. ಕಳ್ಳರ ಕಣ್ಣಿನ ರೆಪ್ಪೆ ಅಲುಗಿದ್ದನ್ನು ಹಿಡಿಯುತ್ತಿದ್ದವಳು, ಸ್ವಂತ ತಮ್ಮನ ಟೋಪಿಯನ್ನೂ ಪೋಂಚೋವನ್ನೂ ನೋಡಿ ಬೆಪ್ಪಾಗಿದ್ದಳು. ಅವನಿಗೆ ಸಾಕ್ಷಿ ಹೇಳಿದವಳೂ ತಾನೇ. ಆ ಸಾಕ್ಷಿಯ ಬಲದ ಮೇಲೆ ಇದ್ದಬದ್ದ ಡೀಸೆಲ್ಲನ್ನು ಅವನ ಜೀಪಿಗೆ ಸುರಿಸಿದವಳೂ ತಾನೇ.

"ಅಲ್ಲಿ ಮಲಗಿದ್ದವನು ನೀನು" ಎಂದಳು. ದನಿ ತನ್ನದೆಂದು ಅವಳಿಗೇ ಅನ್ನಿಸಲಿಲ್ಲ.

ಅನ್ಸೆಲ್ಮೋ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಪದ್ರೀನೋ ಹೇಳಿದ್ರು, ಒಂದು ಗಂಟೆ ನನ್ನ ಟೋಪಿ ಹಾಕ್ಕೊಂಡು ಮಲಗಿರು, ಅಕ್ಕನಿಗೆ ಗೊತ್ತಾದ್ರೆ ಸುಮ್ನೆ ಗಲಾಟೆ ಅಂತ. ಆ ಹುಡುಗಿಗೆ ತಮ್ಮ ಮುಳುಗಿದ ಜಾಗ ತೋರಿಸ್ತೀನಿ, ಮೇಣದಬತ್ತಿ ಹಚ್ಚಿ ಬರ್ತಾಳೆ, ಅಷ್ಟೇ ಅಂತ ನನ್ನ ಜೀಪು ತಗೊಂಡು ಹೋದ್ರು. ವಾಪಸ್ ಒಬ್ರೇ ಬಂದ್ರು. ಅವಳು ಬೇರೆ ಗಾಡೀಲಿ ಹೋದ್ಲು ಅಂದ್ರು. ನಾನು ನಂಬಿದೆ, ಮದ್ರೀನಾ. ಸಂಜೆವರೆಗೂ ನಂಬಿದೆ."

"ಆಮೇಲೆ?"

"ಆಮೇಲೆ ನಂಬಬೇಕು ಅಂತ ನಂಬಿದೆ."

ಉಳಿದದ್ದು ಒಂದೊಂದೇ ಹೊರಬಂತು. ಕಳ್ಳ ಕಾರುಗಳಿಗೆ ಮುಂದೆ ನಿಂತು ದಾರಿ ತೋರಿಸುತ್ತಿದ್ದವನು ಫರ್ಮೀನ್. ಹೋದ ವರ್ಷ ರುಬೆನ್‌ಗೂ ಅವನೇ ದಾರಿ ತೋರಿಸಿದ್ದ. ಕಾರು ಉಪ್ಪಿನ ಕಣ್ಣಿಗೆ ಇಳಿದಾಗ ಒಳಗಿನಿಂದ ಕೂಗು ಕೇಳುತ್ತಿದ್ದರೂ ತನ್ನ ಗಾಡಿ ತಿರುಗಿಸಿಕೊಂಡು ಬಂದುಬಿಟ್ಟಿದ್ದ. ಇದನ್ನು ಅವನೇ ಒಂದು ದಿನ ಕುಡಿದ ಅಮಲಿನಲ್ಲಿ ಅನ್ಸೆಲ್ಮೋನ ಹೆಗಲ ಮೇಲೆ ತಲೆಯಿಟ್ಟು ಹೇಳಿ ಅತ್ತಿದ್ದನಂತೆ. ಧರ್ಮತಂದೆ ನಂಬಿ ಹೇಳಿದ ಮಾತನ್ನು ಮಗನಾದವನು ಯಾರಿಗೆ ಹೇಳಿಯಾನು? ಅದಕ್ಕೇ ಇವತ್ತು ಬೆಳಿಗ್ಗೆ, ನಾನು ಅವಳನ್ನು ಕರೆತರುವ ತನಕ ಯಾರು ಕೇಳಿದರೂ ನೀನೇ ಹೋಗಿದ್ದೆ ಅನ್ನು ಎಂದು ಪದ್ರೀನೋ ಅಂದಾಗ ಇವನು ಆಗಲಿ ಎಂದಿದ್ದ.

ಕರೆತರುವ ತನಕ.

ಹಿಲಾರಿಯಾ ಲೆಕ್ಕ ಹಾಕಿದಳು. ಅನ್ಸೆಲ್ಮೋನ ಟ್ಯಾಂಕಿನಲ್ಲಿ ಹನಿ ಡೀಸೆಲ್ ಇಲ್ಲ. ವಸತಿಗೃಹದ ಯಜಮಾನ ಕ್ಲೆಮೆಂತೆ ಬಳಿ ಇರುವುದು ಹೊರೆ ಹೊರುವ ಹದಿನಾಲ್ಕು ಲಾಮಾಗಳು, ಒಂದು ಸೈಕಲ್. ಉಪ್ಪಿನ ಕಣ್ಣುಗಳಿಗೆ ಇಲ್ಲಿಂದ ಎಪ್ಪತ್ತು ಕಿಲೋಮೀಟರು. ಸತ್ಯ ಗೊತ್ತಾಗಿದೆ, ಅದನ್ನು ಇಟ್ಟುಕೊಂಡು ಮಾಡುವುದಕ್ಕೆ ಏನೂ ಇಲ್ಲ. ತಮ್ಮನ ಮೇಲೆ ಸಿಟ್ಟು ಬರಲಿ ಎಂದು ಕಾದಳು. ಬಂದದ್ದು ಅವನು ಐದು ವರ್ಷದವನಿದ್ದಾಗ ಜ್ವರದಲ್ಲಿ ಅವಳ ಜಡೆ ಹಿಡಿದು ಮಲಗುತ್ತಿದ್ದ ನೆನಪು.

ಅಷ್ಟರಲ್ಲಿ ಒಳಗಿನಿಂದ ಗದ್ದಲ ಕೇಳಿತು. ಗಾಸ್ತೋನ್ ಬಾಗಿಲಿಗೆ ಬಂದು ಎರಡೂ ಕೈ ಮೇಲೆತ್ತಿ ಕರೆದ. ಹುಡುಗಿ ಸಿಕ್ಕಳಂತೆ, ವೈರ್‌ಲೆಸ್‌ನಲ್ಲಿ ನಿಮ್ಮ ತಮ್ಮ, ನಿಮ್ಮನ್ನೇ ಕೇಳುತ್ತಿದ್ದಾನೆ, ಬೇಗ ಬನ್ನಿ.

ಒಳಗೆ ಒಂಬತ್ತು ಜನರೂ ವೈರ್‌ಲೆಸ್ ಸುತ್ತ ಮುತ್ತಿಕೊಂಡಿದ್ದರು. ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು, ಯಾರೋ ಶಿಲುಬೆ ಮುಟ್ಟಿ ಪ್ರಾರ್ಥಿಸುತ್ತಿದ್ದರು. ಕ್ಲೆಮೆಂತೆ ರಿಸೀವರನ್ನು ಅವಳ ಕೈಗಿಟ್ಟ.

"ಹೇಳು ಫರ್ಮೀನ್" ಎಂದಳು.

"ಅಕ್ಕಾ, ಸಿಕ್ಕಿದಾಳೆ. ಒಂದು ಉಪ್ಪಿನ ಗುಡ್ಡೆ ಮೇಲೆ ಬಿದ್ದಿದ್ಲು. ಉಸಿರಿದೆ. ಎಚ್ಚರ ಇಲ್ಲ."

ಸುತ್ತಲಿನವರು ಚಪ್ಪಾಳೆ ತಟ್ಟಿದರು. ಗಾಳಿಯ ಸದ್ದು ಬರುತ್ತಿತ್ತು, ಅದರ ನಡುವೆ ನೀರು ಗುಳುಗುಳು ಎನ್ನುವುದೂ ಕೇಳುತ್ತಿತ್ತು. ಅವನು ನಿಂತಿದ್ದದ್ದು ಕಣ್ಣಿನ ಅಂಚಿನಲ್ಲೇ.

"ಅನ್ಸೆಲ್ಮೋ ಏನಾದ್ರೂ ಬಾಯಿ ಬಿಟ್ನಾ?" ಎಂದು ಫರ್ಮೀನ್ ಕೇಳಿದ.

ಹಿಲಾರಿಯಾಳ ಹೆಬ್ಬೆರಳು ಗುಂಡಿಯ ಮೇಲಿತ್ತು. ಬಾಯಿ ಬಿಟ್ಟಿಲ್ಲ ಎಂದರೆ, ನಿಜ ಹೇಳಬಲ್ಲವಳು ಅವನ ಕಾಲ ಬಳಿ ಬಿದ್ದಿರುವ ಒಬ್ಬಳೇ ಎಂದು ಅವನಿಗೆ ಗೊತ್ತಾಗುತ್ತದೆ. ಬಿಟ್ಟ, ಎಲ್ಲ ಹೇಳಿದ ಎಂದರೆ, ಇನ್ನು ಅವಳನ್ನು ಹೊತ್ತು ತಂದು ಅವನಿಗೆ ಆಗಬೇಕಾದ್ದೇನೂ ಇಲ್ಲ. ಯಾವ ಮಾತು ಆಡಿದರೂ ಆ ಹುಡುಗಿಯ ಪ್ರಾಣ ಅವನ ಎಡಗೈಯಲ್ಲಿತ್ತು.

ಅವಳು ನಕ್ಕಂತೆ ಮಾಡಿದಳು.

"ಬಿಟ್ಟ ಕಣೋ. ತಾನೇ ಕರ್ಕೊಂಡು ಹೋಗಿದ್ದು ಅಂತ ಅಳ್ತಾ ಕೂತಿದಾನೆ. ಒಪ್ಕೊಂಡಾಯ್ತು, ಮುಗೀತು. ನೀನು ಹುಷಾರಾಗಿ ಅವಳನ್ನ ಕರ್ಕೊಂಡು ಬಾ. ಸೂಪ್ ಬಿಸಿ ಮಾಡಿಟ್ಟಿರ್ತೀನಿ, ನಿನಗಿಷ್ಟವಾದ ಕಡಲೆಕಾಯಿ ಸೂಪು."

ಆ ಕಡೆ ಗಾಳಿ ಬೀಸಿತು. ಜೀಪಿನ ಬಾಗಿಲು ತೆರೆದ ಸದ್ದು ಕೇಳಿತು, ಮುಚ್ಚಿದ ಸದ್ದು ಕೇಳಲಿಲ್ಲ.

"ಅಕ್ಕಾ" ಎಂದ ಫರ್ಮೀನ್, ತೀರ ಮೆತ್ತಗೆ. "ಬೆಳಿಗ್ಗೆ ಅವಳಿಗೋಸ್ಕರ ಎಷ್ಟು ಅತ್ತೆ ನೀನು. ಈಗ ಉಸಿರಿದೆ ಅಂದ್ರೆ, ಕೈಕಾಲು ಹೇಗಿದೆ, ಕಂಬಳಿ ಹೊದಿಸಿದ್ಯಾ ಅಂತ ಒಂದು ಮಾತೂ ಕೇಳ್ಲಿಲ್ಲ. ನನ್ನ ಸೂಪಿನ ಮಾತಾಡ್ತಿದೀಯ. ಎಲ್ಲ ಗೊತ್ತಾಗಿದೆ ನಿನಗೆ."

ವೈರ್‌ಲೆಸ್ ಕಟ್ಟಾಯಿತು. ಅವಳು ಗುಂಡಿ ಒತ್ತಿ ಅವನ ಹೆಸರು ಹಿಡಿದು ಕರೆದಳು, ಮತ್ತೆ ಕರೆದಳು. ಬರೀ ಗೊರಗೊರ ಸದ್ದು.

ಬಾಗಿಲ ಬಳಿ ಅನ್ಸೆಲ್ಮೋ ಗೋಡೆ ಹಿಡಿದು ನಿಂತಿದ್ದ. ಗಾಸ್ತೋನ್‌ನ ಹೆಂಡತಿ ಆಗಲೇ ಒಲೆಯ ಮೇಲೆ ನೀರಿಟ್ಟು, ತನ್ನ ಉಣ್ಣೆಯ ಶಾಲನ್ನು ಬಿಸಿಗೆ ಹರವುತ್ತಿದ್ದಳು.

"ಎಷ್ಟು ಹೊತ್ತಿಗೆ ಬರ್ತಾರಂತೆ?" ಎಂದು ಕೇಳಿದಳು.

ಹಿಲಾರಿಯಾ ರಿಸೀವರ್ ಹಿಡಿದುಕೊಂಡೇ ನಿಂತಿದ್ದಳು.